ಬ್ಯಾಕ್ಟೀರಿಯಾಕ್ಕೆ ಗುರುತ್ವ ತಿಳಿಯುತ್ತದೆಯೇ?

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಊರು ಚಳ್ಳಕೆರೆ ತಾಲ್ಲೂಕು. ನಮ್ಮ ಕಡೆ ಇಸ್ರೊದವರು 'ಪುಷ್ಪಕ್' ನೌಕೆಯನ್ನು ಇಳಿಸಿದಂದಿನಿಂದ ಬಾಹ್ಯಾಕಾಶದ ಸುದ್ದಿಗಳನ್ನು ಬಿಡದೆ ಓದುತ್ತಿದ್ದೇನೆ. ಬಾಹ್ಯಾಕಾಶದಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚು ಬೆಳೆಯುತ್ತವೆ, ಹೆಚ್ಚು ಅಪಾಯಕಾರಿಯೂ ಆಗುತ್ತವೆ ಎಂದು ಒಂದು ಲೇಖನದಲ್ಲಿತ್ತು. ಆದರೆ ನಮ್ಮ ಭೌತಶಾಸ್ತ್ರದ ಮೇಷ್ಟ್ರು, ಅಷ್ಟು ಸಣ್ಣ ಜೀವಿಗೆ ಗುರುತ್ವ ಲೆಕ್ಕಕ್ಕೇ ಬರುವುದಿಲ್ಲ ಎನ್ನುತ್ತಾರೆ. ಯಾವುದು ಸರಿ? ಇಂಥ ಪ್ರಯೋಗವನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಾಡಬಹುದೇ?

ಉತ್ತರ: ನಿಮ್ಮ ಮೇಷ್ಟ್ರ ಮಾತು ಒಂಟಿ ಬ್ಯಾಕ್ಟೀರಿಯಾದ ಮಟ್ಟಿಗೆ ಬಹುಪಾಲು ಸರಿ. ನೀವು ಓದಿದ ಲೇಖನದ ಮಾತು ಕೆಲವು ಪ್ರಯೋಗಗಳ ಮಟ್ಟಿಗೆ ಸರಿ, ಎಲ್ಲ ಪ್ರಯೋಗಗಳ ಮಟ್ಟಿಗೆ ಅಲ್ಲ. ಇವೆರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂಬುದೇ ಈ ಕ್ಷೇತ್ರದ ಮುಖ್ಯ ಪ್ರಶ್ನೆ. ಗುರುತ್ವದ ಪರಿಣಾಮವಾಗುವುದು ಜೀವಿಯ ಮೇಲಲ್ಲ, ಅದು ಬದುಕಿರುವ ದ್ರವದ ಮೇಲೆ, ಮತ್ತು ಕೋಟ್ಯಂತರ ಜೀವಿಗಳು ಆ ದ್ರವದಲ್ಲಿ ಹೇಗೆ ಹರಡಿಕೊಂಡಿವೆ ಎಂಬುದರ ಮೇಲೆ ಎಂದು ನಾನು ತಿಳಿದಿದ್ದೇನೆ. ಅದಕ್ಕೆ ಕಾರಣಗಳನ್ನು ಲೆಕ್ಕದ ಸಮೇತ ಹೇಳುತ್ತೇನೆ. ನೀವೂ ಕಾಗದ ಪೆನ್ನು ಹಿಡಿದು ಪರಿಶೀಲಿಸಬಹುದು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದಾಟಿಬಿಡೋಣ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಅಲ್ಲಿ ಭೂಮಿಯ ಗುರುತ್ವ ನೆಲದ ಮೇಲಿರುವುದರ ಶೇಕಡಾ 88ರಿಂದ 89ರಷ್ಟು ಇದ್ದೇ ಇದೆ. ನಿಲ್ದಾಣ, ಅದರೊಳಗಿನ ಗಗನಯಾತ್ರಿ, ಪರೀಕ್ಷಾ ನಳಿಕೆ, ನಳಿಕೆಯೊಳಗಿನ ನೀರು, ನೀರಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಒಂದೇ ದರದಲ್ಲಿ ಭೂಮಿಯತ್ತ ಬೀಳುತ್ತಲೇ ಸುತ್ತುತ್ತಿರುವುದರಿಂದ ಒಂದರ ಭಾರವನ್ನು ಇನ್ನೊಂದು ಹೊರಬೇಕಾಗಿಲ್ಲ. ಹಾಗಾಗಿ ಭಾರವಾದದ್ದು ಕೆಳಗಿಳಿಯುವುದಿಲ್ಲ, ಹಗುರವಾದದ್ದು ಮೇಲೇರುವುದಿಲ್ಲ. ಸೂಕ್ಷ್ಮಗುರುತ್ವ ಎಂದು ಕರೆಯುವುದು ಈ ಸ್ಥಿತಿಯನ್ನು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಮೈಕ್ರೊಮೀಟರ್ ವ್ಯಾಸದ, ತಾನಾಗಿ ಈಜಲಾರದ, ಗುಂಡಗಿನ ಬ್ಯಾಕ್ಟೀರಿಯಾ ಒಂದನ್ನು ಊಹಿಸಿಕೊಳ್ಳಿ. ಅದರ ಸಾಂದ್ರತೆ ನೀರಿಗಿಂತ ಶೇಕಡಾ ಹತ್ತರಷ್ಟು ಹೆಚ್ಚು ಎಂದಿಟ್ಟುಕೊಳ್ಳೋಣ. ನೀರಿನ ತೇಲುಬಲವನ್ನು ಕಳೆದ ಮೇಲೆ ಉಳಿಯುವ ಅದರ ಭಾರ ಸುಮಾರು ಅರ್ಧ ಫೆಮ್ಟೊನ್ಯೂಟನ್, ಅಂದರೆ ಒಂದು ನ್ಯೂಟನ್ನನ್ನು ಸಾವಿರದಿಂದ ಐದು ಬಾರಿ ಭಾಗಿಸಿದರೆ ಬರುವುದರ ಅರ್ಧ. ದ್ರವದಲ್ಲಿ ಮುಳುಗುವ ಪುಟ್ಟ ಗೋಳದ ವೇಗವನ್ನು ಹೇಳುವ, ನೀವು ಪದವಿ ತರಗತಿಯಲ್ಲಿ ಕಲಿತಿರುವ ಸ್ಟೋಕ್ಸ್ ನಿಯಮದಲ್ಲಿ ಈ ಸಂಖ್ಯೆಗಳನ್ನು ಹಾಕಿದರೆ ಆ ಜೀವಿ ನೀರಿನಲ್ಲಿ ಮುಳುಗುವ ವೇಗ ಸೆಕೆಂಡಿಗೆ ಸುಮಾರು 0.05 ಮೈಕ್ರೊಮೀಟರ್ ಎಂದು ಬರುತ್ತದೆ. ತನ್ನ ಮೈಯಷ್ಟು ದೂರ ಇಳಿಯಲು ಅದಕ್ಕೆ ಇಪ್ಪತ್ತು ಸೆಕೆಂಡು ಬೇಕು. ಒಂದು ಗಂಟೆಯಲ್ಲಿ ಅದು ಇಳಿಯುವುದು 0.2 ಮಿಲಿಮೀಟರ್, ಒಂದು ದಿನದಲ್ಲಿ ಐದು ಮಿಲಿಮೀಟರಿಗೆ ಸ್ವಲ್ಪ ಕಡಿಮೆ.

ಇದೇ ಹೊತ್ತಿಗೆ ನೀರಿನ ಅಣುಗಳು ಆ ಜೀವಿಯನ್ನು ಎಲ್ಲ ದಿಕ್ಕಿನಿಂದಲೂ ಗುದ್ದುತ್ತಿರುತ್ತವೆ. ಐನ್‌ಸ್ಟೀನ್ 1905ರಲ್ಲಿ ಸೂತ್ರಕ್ಕಿಳಿಸಿದ ಬ್ರೌನಿಯನ್ ಚಲನೆ ಇದು. ನಮ್ಮ ಬ್ಯಾಕ್ಟೀರಿಯಾ ಒಂದು ಸೆಕೆಂಡಿನಲ್ಲಿ ಈ ಗುದ್ದಾಟದಿಂದ ಅತ್ತಿತ್ತ ಕದಲುವ ದೂರ ಸುಮಾರು ಒಂದು ಮೈಕ್ರೊಮೀಟರ್. ಮುಳುಗುವ ದೂರಕ್ಕಿಂತ ಇದು ಹೆಚ್ಚುಕಡಿಮೆ ಇಪ್ಪತ್ತು ಪಟ್ಟು ಹೆಚ್ಚು. ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಮೇಷ್ಟ್ರು ಗೆದ್ದಂತೆಯೇ. ಆದರೆ ಕಾಲ ಕಳೆದಂತೆ ಲೆಕ್ಕ ತಿರುಗುತ್ತದೆ. ಗುದ್ದಾಟದ ದೂರ ಕಾಲದ ವರ್ಗಮೂಲದಂತೆ ಬೆಳೆದರೆ, ಮುಳುಗುವ ದೂರ ನೇರವಾಗಿ ಕಾಲದಂತೆಯೇ ಬೆಳೆಯುತ್ತದೆ. ಸುಮಾರು ಐದು ನಿಮಿಷಗಳಲ್ಲಿ ಎರಡೂ ಸಮವಾಗುತ್ತವೆ. ಅಲ್ಲಿಂದ ಮುಂದೆ ಗುರುತ್ವದ್ದೇ ಮೇಲುಗೈ. ಒಂದು ಗಂಟೆಯಲ್ಲಿ ಗುದ್ದಾಟದಿಂದ ಸುಮಾರು 56 ಮೈಕ್ರೊಮೀಟರ್ ಕದಲಿದರೆ, ಮುಳುಗುವುದು 200 ಮೈಕ್ರೊಮೀಟರಿನ ಆಸುಪಾಸು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವದ ಜನಸಂದಣಿಯಲ್ಲಿ ನಿಂತವರಿಗೆ ಕ್ಷಣಕ್ಷಣಕ್ಕೂ ಎಡಕ್ಕೋ ಬಲಕ್ಕೋ ತಳ್ಳಿಸಿಕೊಂಡದ್ದಷ್ಟೇ ಗೊತ್ತಾಗುತ್ತದೆ, ಆದರೆ ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಎಲ್ಲರೂ ತೇರಿನ ಜೊತೆಗೆ ಮುಂದೆ ಸಾಗಿರುತ್ತಾರೆ. ಇದೂ ಹಾಗೆಯೇ. ಸಾಕಷ್ಟು ಹೊತ್ತು ಅಲುಗಾಡಿಸದೆ ಬಿಟ್ಟರೆ ಈ ಜೀವಿಗಳು ತಳ ಸೇರುತ್ತವೆ. ತಳದಲ್ಲಿ ಉಷ್ಣದ ಗುದ್ದಾಟ ಅವುಗಳನ್ನು ಮತ್ತೆ ಮೇಲಕ್ಕೆತ್ತಬಲ್ಲ ಎತ್ತರ ಕೇವಲ ಎಂಟು ಮೈಕ್ರೊಮೀಟರಿನಷ್ಟು.

ಹಾಗಾದರೆ ಮುಳುಗುವಾಗ ಆ ಜೀವಿಗೆ ಹೊಸ ಆಹಾರ ಸಿಗುತ್ತದೆಯೇ, ಬಾಹ್ಯಾಕಾಶದಲ್ಲಿ ಮುಳುಗದಿದ್ದರೆ ಅದು ಹಸಿಯುತ್ತದೆಯೇ? ಮೇಲ್ನೋಟಕ್ಕೆ ಹಾಗನ್ನಿಸುತ್ತದೆ. ಆದರೆ ಲೆಕ್ಕ ಇದನ್ನು ಒಪ್ಪುವುದಿಲ್ಲ. ಸಕ್ಕರೆಯ ಅಣುವೊಂದು ವಿಸರಣೆಯಿಂದ, ಅಂದರೆ ದ್ರವದಲ್ಲಿ ತಾನಾಗಿಯೇ ಹರಡುತ್ತ, ಒಂದು ಮೈಕ್ರೊಮೀಟರ್ ದೂರ ಸಾಗಲು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಸಾಕು. ಅಷ್ಟು ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಮುಳುಗುವ ದೂರ ಅದರ ಮೈಯ ಇಪ್ಪತ್ತು ಸಾವಿರದಲ್ಲೊಂದು ಭಾಗ. ಆಹಾರವೇ ಅದರತ್ತ ಬರುತ್ತಿರುವಾಗ ಅದು ಮುಳುಗಿದರೂ ಒಂದೇ, ನಿಂತಲ್ಲೇ ಇದ್ದರೂ ಒಂದೇ. ಈಜಬಲ್ಲ ಜೀವಿಗಳಿಗಂತೂ ಗುರುತ್ವ ಇನ್ನೂ ನಗಣ್ಯ. ಎಶ್ಚರೀಶಿಯಾ ಕೋಲಿ (ಇ. ಕೋಲಿ) ಎಂಬ ಬ್ಯಾಕ್ಟೀರಿಯಾ ಚಾವಟಿಯಂಥ ತನ್ನ ಕಶಾಂಗಗಳನ್ನು ತಿರುಗಿಸುತ್ತ ಸೆಕೆಂಡಿಗೆ 20ರಿಂದ 30 ಮೈಕ್ರೊಮೀಟರ್ ಈಜುತ್ತದೆ. ಮುಳುಗುವ ವೇಗಕ್ಕೆ ಹೋಲಿಸಿದರೆ ಇದು ನೂರಾರು ಪಟ್ಟು.

ಜೀವಕೋಶದ ಒಳಗಿನ ಭಾಗಗಳ ಮೇಲೆ ಗುರುತ್ವ ನೇರವಾಗಿ ಕೆಲಸ ಮಾಡುತ್ತಿರಬಹುದಲ್ಲ ಎಂದು ಕೇಳಬಹುದು. ಸಸ್ಯದ ಬೇರಿನಲ್ಲಿ ಅದು ನಿಜ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಕಣಗಳು ಕೆಳಕ್ಕೆ ಸರಿದು ಬೇರಿಗೆ ದಿಕ್ಕು ತೋರಿಸುತ್ತವೆ. ಬ್ಯಾಕ್ಟೀರಿಯಾದಲ್ಲಿ ಅಂಥ ಕಣಕ್ಕೆ ಜಾಗವೇ ಇಲ್ಲ. ಇದನ್ನು ವಿರುದ್ಧ ದಿಕ್ಕಿನಿಂದ ಪರೀಕ್ಷಿಸಿದ ಒಂದು ಪ್ರಯೋಗ ನನಗೆ ಬಹಳ ಮೆಚ್ಚುಗೆಯದು. ಜಪಾನಿನ ಸಂಶೋಧಕರು ಎಶ್ಚರೀಶಿಯಾ ಕೋಲಿ ಮತ್ತು ಪ್ಯಾರಾಕಾಕಸ್ ಡಿನೈಟ್ರಿಫಿಕನ್ಸ್ ಎಂಬ ಬ್ಯಾಕ್ಟೀರಿಯಾಗಳನ್ನು ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಭೂಮಿಯ ಗುರುತ್ವದ ನಾಲ್ಕು ಲಕ್ಷ ಪಟ್ಟಿಗೂ ಹೆಚ್ಚಿನ ವೇಗೋತ್ಕರ್ಷದಲ್ಲಿ ಬೆಳೆಸಿದರು. 2011ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅವು ಅಲ್ಲಿಯೂ ವಿಭಜನೆಗೊಂಡು ಬೆಳೆದವು. ನಾಲ್ಕು ಲಕ್ಷ ಪಟ್ಟು ಹೇರಿದರೂ ಬದುಕುವ ಜೀವಿ ಒಂದು ಪಟ್ಟನ್ನು ತೆಗೆದ ಮಾತ್ರಕ್ಕೆ ತಬ್ಬಿಬ್ಬಾಗುತ್ತದೆ ಎಂದು ನಂಬುವುದು ಕಷ್ಟ.

ಇಷ್ಟಾದರೂ ಬಾಹ್ಯಾಕಾಶದಲ್ಲಿ ಏನೋ ಬದಲಾಗುತ್ತದೆ ಎಂಬುದಕ್ಕೆ ಪುರಾವೆಗಳಿವೆ. ಕೊಲೊರಾಡೊ ವಿಶ್ವವಿದ್ಯಾಲಯದ ಡೇವಿಡ್ ಕ್ಲಾಸ್ ಮತ್ತು ಸಂಗಡಿಗರು ಅಮೆರಿಕದ ಷಟಲ್ ಯಾನಗಳಲ್ಲಿ ಎಶ್ಚರೀಶಿಯಾ ಕೋಲಿಯನ್ನು ಬೆಳೆಸಿ, 1997ರಲ್ಲಿ ಫಲಿತಾಂಶಗಳ ಜೊತೆಗೆ ಒಂದು ಭೌತಿಕ ವಿವರಣೆಯನ್ನೂ ಮುಂದಿಟ್ಟರು. ಅವರು ಕಂಡದ್ದೇನೆಂದರೆ, ಬೆಳವಣಿಗೆ ಆರಂಭವಾಗುವ ಮುಂಚಿನ ಸಿದ್ಧತೆಯ ಅವಧಿ ಬಾಹ್ಯಾಕಾಶದಲ್ಲಿ ಕಡಿಮೆಯಾಗಿತ್ತು ಮತ್ತು ಕೊನೆಗೆ ದೊರೆತ ಕೋಶಗಳ ಸಂಖ್ಯೆ ಹೆಚ್ಚಾಗಿತ್ತು. ಅವರ ವಿವರಣೆಯಲ್ಲಿ ಕೋಶದ ಸುತ್ತಲಿನ ದ್ರವಕ್ಕೇ ಮುಖ್ಯ ಪಾತ್ರ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲವನ್ನೂ ಕಿಣ್ವಗಳನ್ನೂ ಹೊರಹಾಕುತ್ತದೆ, ಇದರಿಂದ ಅದರ ಸುತ್ತಲಿನ ದ್ರವದ ಸಾಂದ್ರತೆ ಅಷ್ಟಿಷ್ಟು ಬದಲಾಗುತ್ತದೆ. ಭೂಮಿಯ ಮೇಲೆ ಆ ವ್ಯತ್ಯಾಸ ಸಾಕು, ದ್ರವ ತಾನಾಗಿಯೇ ಮೇಲೆ ಕೆಳಗೆ ಹರಿದು ಕಲಸಿಕೊಳ್ಳುತ್ತದೆ. ಕಕ್ಷೆಯಲ್ಲಿ ಆ ಹರಿವು ನಿಂತುಹೋಗುತ್ತದೆ ಮತ್ತು ಉಳಿಯುವುದು ವಿಸರಣೆಯೊಂದೇ.

ಇಲ್ಲಿ ಅಳತೆಯ ವ್ಯತ್ಯಾಸವನ್ನು ಗಮನಿಸಬೇಕು. ಒಂದು ಮೈಕ್ರೊಮೀಟರನ್ನು ಮಿಲಿಸೆಕೆಂಡಿನೊಳಗೆ ದಾಟಿದ ಅದೇ ಸಕ್ಕರೆಯ ಅಣುವಿಗೆ, ವಿಸರಣೆಯೊಂದರಿಂದಲೇ ಒಂದು ಸೆಂಟಿಮೀಟರ್ ದಾಟಲು ಹತ್ತಿರ ಹತ್ತಿರ ಒಂದು ದಿನ ಬೇಕು. ಒಂಟಿ ಕೋಶಕ್ಕೆ ಸಾಕಾಗುವ ವಿಸರಣೆ ಇಡೀ ನಳಿಕೆಗೆ ಸಾಲದು. ಇನ್ನೊಂದು ಕಡೆ, ನೆಲದ ಮೇಲಿನ ನಳಿಕೆಯಲ್ಲಿ ಕೋಶಗಳು ತಳದಲ್ಲಿ ಒತ್ತೊತ್ತಾಗಿ ಕೂತು ಒಂದರ ಪಾಲಿನ ಆಹಾರವನ್ನು ಇನ್ನೊಂದು ಕಸಿಯುತ್ತವೆ, ಒಂದರ ಆಮ್ಲದಲ್ಲಿ ಇನ್ನೊಂದು ನಲುಗುತ್ತದೆ. ಕಕ್ಷೆಯಲ್ಲಿ ಅವು ದ್ರವದುದ್ದಕ್ಕೂ ಸಮನಾಗಿ ಹರಡಿಕೊಂಡು, ಪ್ರತಿಯೊಂದಕ್ಕೂ ತನ್ನದೇ ಆದ ಆವರಣ ಸಿಗುತ್ತದೆ. ಹೀಗೆ ಎರಡು ಪರಿಣಾಮಗಳು ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತಿರುತ್ತವೆ. ಯಾವುದು ಗೆಲ್ಲುತ್ತದೆ ಎಂಬುದು ಪಾತ್ರೆಯ ಎತ್ತರ, ದ್ರವದ ಪೋಷಕಾಂಶ, ಗಾಳಿಯ ಲಭ್ಯತೆ, ಜೀವಿ ಈಜಬಲ್ಲುದೇ ಇಲ್ಲವೇ ಎಂಬುದನ್ನೆಲ್ಲ ಅವಲಂಬಿಸಿದೆ. ಐದು ಮಿಲಿಮೀಟರ್ ಎತ್ತರದ ತೆಳುವಾದ ಪೆಟ್ಟಿಗೆಯಲ್ಲಿ ಒಂದೇ ದಿನದಲ್ಲಿ ಎಲ್ಲವೂ ತಳ ಸೇರುತ್ತದೆ, ಐದು ಸೆಂಟಿಮೀಟರ್ ಎತ್ತರದ ನಳಿಕೆಯಲ್ಲಿ ಅದಕ್ಕೆ ಹತ್ತು ದಿನ ಬೇಕು. ಬೇರೆ ಬೇರೆ ತಂಡಗಳ ಫಲಿತಾಂಶಗಳು ಒಂದನ್ನೊಂದು ಹೋಲದಿರುವುದಕ್ಕೆ ಇದು ಒಂದು ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ. ಪಾತ್ರೆಯ ಆಕಾರವನ್ನೇ ಹೇಳದೆ 'ಬಾಹ್ಯಾಕಾಶದಲ್ಲಿ ಇಷ್ಟು ಪಟ್ಟು ಹೆಚ್ಚು' ಎನ್ನುವ ಸುದ್ದಿಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

'ಹೆಚ್ಚು ಅಪಾಯಕಾರಿ' ಎಂಬ ಮಾತಿನ ಮೂಲ 2006ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಸ್ ಷಟಲ್ ನೌಕೆಯ ಎಸ್‌ಟಿಎಸ್-115 ಯಾನದಲ್ಲಿ ನಡೆದ ಪ್ರಯೋಗ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಶೆರಿಲ್ ನಿಕರ್ಸನ್ ಅವರ ತಂಡ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಬ್ಯಾಕ್ಟೀರಿಯಾವನ್ನು ಅಲ್ಲಿ ಬೆಳೆಸಿ, ಹಿಂದಿರುಗಿದ ಕೋಶಗಳನ್ನು ಇಲಿಗಳಿಗೆ ನೀಡಿತು. ಅದೇ ಬಗೆಯ ಉಪಕರಣದಲ್ಲಿ, ಅದೇ ಕಾಲಕ್ಕೆ, ನೆಲದ ಮೇಲೆ ಬೆಳೆದ ಕೋಶಗಳಿಗೆ ಹೋಲಿಸಿದರೆ ಬಾಹ್ಯಾಕಾಶದಲ್ಲಿ ಬೆಳೆದವು ಇಲಿಗಳನ್ನು ಬೇಗ ಕೊಂದವು, ಮತ್ತು ಕಡಿಮೆ ಪ್ರಮಾಣದಲ್ಲೇ ಕೊಂದವು. ಅರ್ಧದಷ್ಟು ಇಲಿಗಳು ಸಾಯಲು ಬೇಕಾದ ಪ್ರಮಾಣ 2.7 ಪಟ್ಟು ಇಳಿದಿತ್ತು. 167 ಜೀನ್‌ಗಳ ಚಟುವಟಿಕೆ ಬದಲಾಗಿತ್ತು, ಅವುಗಳಲ್ಲಿ ಅನೇಕವನ್ನು ನಿಯಂತ್ರಿಸುವುದು ಎಚ್‌ಎಫ್‌ಕ್ಯು ಎಂಬ ಪ್ರೋಟೀನ್. 2007ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಅದೇ ತಂಡ 2008ರ ಎಸ್‌ಟಿಎಸ್-123 ಯಾನದಲ್ಲಿ ಮತ್ತೆ ಪರೀಕ್ಷಿಸಿ ದೃಢಪಡಿಸಿಕೊಂಡಿತು. ಪೋಷಕ ದ್ರವದಲ್ಲಿನ ಲವಣಗಳನ್ನು, ಅದರಲ್ಲೂ ಫಾಸ್ಫೇಟನ್ನು, ಬದಲಿಸಿದರೆ ಈ ಹೆಚ್ಚಿದ ತೀವ್ರತೆ ಕಾಣಿಸುವುದಿಲ್ಲ ಎಂಬುದನ್ನೂ ತೋರಿಸಿತು. ಸುದ್ದಿಯಲ್ಲಿ ಈ ಕೊನೆಯ ಭಾಗ ಬಿಟ್ಟುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ, ಏಕೆಂದರೆ ತೂಕವಿಲ್ಲದಿರುವುದೇ ಕಾರಣವಾಗಿದ್ದರೆ ಚಿಟಿಕೆ ಲವಣ ಅದನ್ನು ತಡೆಯುತ್ತಿರಲಿಲ್ಲ.

ನಿಕರ್ಸನ್ ಅವರ ವಿವರಣೆಯೂ ಗುರುತ್ವವನ್ನು ನೇರವಾಗಿ ಹಿಡಿಯುವುದಿಲ್ಲ. ದ್ರವ ಹರಿಯುವಾಗ ಕೋಶದ ಮೈಯನ್ನು ಸವರಿಕೊಂಡು ಹೋಗುವ ಬಲವೊಂದಿದೆ. ಕಕ್ಷೆಯಲ್ಲಿ ದ್ರವ ಬಹುಮಟ್ಟಿಗೆ ಸ್ತಬ್ಧವಾಗಿರುವುದರಿಂದ ಆ ಬಲ ತೀರಾ ಕಡಿಮೆ. ನಮ್ಮ ಕರುಳಿನ ಒಳಗೋಡೆಯ ಸೂಕ್ಷ್ಮ ಎಳೆಗಳ ನಡುವೆಯೂ ದ್ರವ ಹೀಗೆಯೇ ಬಹುತೇಕ ಸ್ತಬ್ಧ. ಸಾಲ್ಮೊನೆಲ್ಲಾ ಸೋಂಕು ಹೂಡುವ ಸ್ಥಳವೂ ಅದೇ. ಅಂದರೆ ಆ ಬ್ಯಾಕ್ಟೀರಿಯಾ ಕಕ್ಷೆಯಲ್ಲಿದ್ದಾಗ ತಾನು ಕರುಳಿನಲ್ಲಿದ್ದೇನೆ ಎಂಬಂತೆ ವರ್ತಿಸುತ್ತಿರಬಹುದು. ಇದು ಒಪ್ಪಿತ ಸಿದ್ಧಾಂತವಲ್ಲ, ಆದರೆ ಒಳ್ಳೆಯ ಊಹೆ. ನೆಲದ ಮೇಲೂ ಇದನ್ನು ಪರೀಕ್ಷಿಸಬಹುದಾದ್ದರಿಂದ ಇದಕ್ಕೆ ಬೆಲೆ ಹೆಚ್ಚು.

2010 ಮತ್ತು 2011ರ ಎರಡು ಅಟ್ಲಾಂಟಿಸ್ ಯಾನಗಳಲ್ಲಿ ಸ್ಯೂಡೊಮೊನಾಸ್ ಏರುಜಿನೋಸಾದ ಬಯೋಫಿಲ್ಮ್, ಅಂದರೆ ಅಂಟಿನೊಳಗೆ ಕೂಡಿ ಬಾಳುವ ಬ್ಯಾಕ್ಟೀರಿಯಾಗಳ ಪದರ, ಕಂಬಗಳ ಮೇಲೆ ಚಪ್ಪರ ಹಾಸಿದಂಥ ಆಕಾರವನ್ನು ತಾಳಿತು. ಭೂಮಿಯ ಮೇಲೆ ಅದೇ ಜೀವಿ ಚಪ್ಪಟೆಯಾದ ಪದರವನ್ನಷ್ಟೇ ಕಟ್ಟಿತು. ಈಜುವ ಸಾಮರ್ಥ್ಯವಿಲ್ಲದ ತಳಿಯಲ್ಲಿ ಈ ಚಪ್ಪರ ಮೂಡಲಿಲ್ಲ. ಈಜಬಲ್ಲ ಜೀವಿಗೆ ಗುರುತ್ವ ನಗಣ್ಯ ಎಂಬ ನನ್ನ ಮೇಲಿನ ಮಾತಿಗೆ ಇದೊಂದು ತೊಡಕು. ಒಂಟಿ ಜೀವಿಗೆ ಕಟ್ಟಿದ ಲೆಕ್ಕ ಗುಂಪಿಗೆ ಹೊಂದುವುದಿಲ್ಲ ಎಂಬುದನ್ನು ಬಿಟ್ಟು ಇದಕ್ಕೆ ನನಗೆ ಬೇರೆ ವಿವರಣೆ ತೋಚುವುದಿಲ್ಲ. ಇನ್ನೊಂದು ಪ್ರಯೋಗದಲ್ಲಿ ಜೆಂಟಾಮೈಸಿನ್ ಔಷಧಿ ಬೆರೆಸಿದ ದ್ರವದಲ್ಲಿ ಬೆಳೆದ ಎಶ್ಚರೀಶಿಯಾ ಕೋಲಿಯ ಸಂಖ್ಯೆ ನೆಲದ ಮೇಲಿನದ್ದಕ್ಕಿಂತ 13 ಪಟ್ಟು ಹೆಚ್ಚಾಗಿತ್ತು ಮತ್ತು ಕೋಶಗಳ ಗಾತ್ರ ಕುಗ್ಗಿತ್ತು ಎಂದು 2017ರಲ್ಲಿ ವರದಿಯಾಯಿತು. ನೀವು ಓದಿದ ಲೇಖನ ಬಹುಶಃ ಇಂಥದ್ದನ್ನು ಆಧರಿಸಿರಬೇಕು.

ಇದರ ಎದುರಿಗೆ 2019ರಲ್ಲಿ ನಿಲ್ದಾಣದಲ್ಲಿ ನಡೆದ ಬಯೋರಾಕ್ ಪ್ರಯೋಗವನ್ನು ಇಡಬೇಕು. ಎಡಿನ್‌ಬರೊ ವಿಶ್ವವಿದ್ಯಾಲಯದ ಚಾರ್ಲ್ಸ್ ಕಾಕೆಲ್ ಅವರ ತಂಡ ಮೂರು ಬಗೆಯ ಬ್ಯಾಕ್ಟೀರಿಯಾಗಳನ್ನು ಬಸಾಲ್ಟ್ ಶಿಲೆಯ ಚೂರುಗಳ ಮೇಲೆ ಬೆಳೆಸಿತು. ಸೂಕ್ಷ್ಮಗುರುತ್ವದಲ್ಲಿ ಒಂದು ಗುಂಪು, ಸಣ್ಣ ಸೆಂಟ್ರಿಫ್ಯೂಜಿನ ಸಹಾಯದಿಂದ ಮಂಗಳಗ್ರಹದ ಗುರುತ್ವದಲ್ಲಿ ಒಂದು ಗುಂಪು, ಭೂಮಿಯ ಗುರುತ್ವದಲ್ಲಿ ಮತ್ತೊಂದು ಗುಂಪು, ಎಲ್ಲವೂ ನಿಲ್ದಾಣದಲ್ಲೇ. ಕೊನೆಯಲ್ಲಿ ಎಣಿಸಿದ ಕೋಶಗಳ ಸಂಖ್ಯೆಯಲ್ಲಿ ಗುರುತ್ವದಿಂದಾಗಿ ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲ. ಸ್ಫಿಂಗೊಮೊನಾಸ್ ಡೆಸಿಕ್ಕಬಿಲಿಸ್ ಎಂಬ ಜೀವಿ ಮೂರೂ ಸ್ಥಿತಿಗಳಲ್ಲಿ ಶಿಲೆಯಿಂದ ವಿರಳ ಭಸ್ಮ ಧಾತುಗಳನ್ನು (ರೇರ್ ಅರ್ತ್ ಲೋಹಗಳನ್ನು) ಹೊರತೆಗೆಯಿತು. ಈ ಪ್ರಯೋಗದ ಬಲವಿರುವುದು ಅದರ ಹೋಲಿಕೆಯ ಕ್ರಮದಲ್ಲಿ. ನೆಲದ ಮೇಲಿನ ನಳಿಕೆಯೊಂದಿಗೆ ಹೋಲಿಸಿದಾಗ ಉಡಾವಣೆಯ ಕಂಪನ, ವಿಕಿರಣ, ದಾಸ್ತಾನಿನ ತಾಪಮಾನ ಇವೆಲ್ಲವೂ ಗುರುತ್ವದ ಲೆಕ್ಕಕ್ಕೆ ಸೇರಿಬಿಡುತ್ತವೆ. ಅದೇ ನಿಲ್ದಾಣದಲ್ಲಿ ತಿರುಗುವ ನಳಿಕೆಯೊಂದಿಗೆ ಹೋಲಿಸಿದಾಗ ಗುರುತ್ವವೊಂದೇ ಉಳಿಯುತ್ತದೆ. ಒಂದು ಫಲಿತಾಂಶವನ್ನು ಎಷ್ಟು ನಂಬಬೇಕೆಂದು ನಿರ್ಧರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ಹೋಲಿಕೆಗೆ ಇಟ್ಟ ನಳಿಕೆ ಎಲ್ಲಿತ್ತು?

ನಮ್ಮ ದೇಶದಲ್ಲಿಯೂ ಈ ಕೆಲಸ ಆರಂಭವಾಗಿದೆ, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಕೊನೆಯ ಹಂತವನ್ನು ಕಕ್ಷೆಯಲ್ಲೇ ಉಳಿಸಿಕೊಂಡು ಇಸ್ರೊ ಅದರಲ್ಲಿ 24 ಉಪಕರಣಗಳನ್ನು ಇರಿಸಿತ್ತು. ಅವುಗಳಲ್ಲೊಂದು ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ರೂಪಿಸಿದ, ಮನುಷ್ಯನ ಕರುಳಿನ ಬ್ಯಾಕ್ಟೀರಿಯಾ ಒಂದರ ಬೆಳವಣಿಗೆಯನ್ನು ಅಳೆಯುವ ಪೆಟ್ಟಿಗೆ. 2025ರ ಜೂನ್ ಮತ್ತು ಜುಲೈನಲ್ಲಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿದ್ದಾಗ ನಡೆಸಿದ ಭಾರತೀಯ ಪ್ರಯೋಗಗಳಲ್ಲಿ ಸಯನೋಬ್ಯಾಕ್ಟೀರಿಯಾಗಳದ್ದೂ ಒಂದು, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ಸಿದ್ಧಪಡಿಸಿದ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆಯದ್ದೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಲೋಕ್ ಕುಮಾರ್ ಮತ್ತು ಸಂಗಡಿಗರು ಸ್ಪೋರೊಸಾರ್ಸಿನಾ ಪಾಶ್ಚುರಿ ಎಂಬ ಬ್ಯಾಕ್ಟೀರಿಯಾ, ಯೂರಿಯಾ ಹಾಗೂ ಗೋರಿಕಾಯಿ ಬೀಜದ ಅಂಟನ್ನು ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಬೆರೆಸಿ ಇಟ್ಟಿಗೆಯಂಥ ಗಟ್ಟಿಗಳನ್ನು ತಯಾರಿಸಿದ್ದಾರೆ. ಆ ಬ್ಯಾಕ್ಟೀರಿಯಾವನ್ನು ಬಾಹ್ಯಾಕಾಶದಲ್ಲಿ ತಾನಾಗಿಯೇ ಬೆಳೆಸಿ ಅಳೆಯುವ ಸಣ್ಣ ಸಾಧನವನ್ನೂ ಇಸ್ರೊ ಜೊತೆಗೂಡಿ ರೂಪಿಸಿದ್ದಾರೆ. ಆ ಸಂಸ್ಥೆಯ ಎರಡನೆಯ ಆವರಣ ನಿಮ್ಮ ತಾಲ್ಲೂಕಿನ ಕುದಾಪುರದಲ್ಲೇ ಇದೆ.

'ಪುಷ್ಪಕ್' ಬಗ್ಗೆಯೂ ಒಂದು ಮಾತು. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ಅದನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟಾಗ ಅದು ತಾನಾಗಿಯೇ ಓಡುಪಥಕ್ಕೆ ಬಂದಿಳಿಯಿತು. ಆ ಮೂರೂ ಇಳಿಯುವಿಕೆಯ ಪರೀಕ್ಷೆಗಳು, ಕಕ್ಷೆಯಿಂದ ಬಂದವಲ್ಲ. ಆದರೆ ಕಕ್ಷೆಗೆ ಹೋಗಿ ಓಡುಪಥದ ಮೇಲೆ ಇಳಿಯಬಲ್ಲ ನೌಕೆ ಮುಂದೆ ಸಿದ್ಧವಾದರೆ ಜೀವಶಾಸ್ತ್ರಕ್ಕೆ ಅದರಿಂದ ಬಹಳ ಪ್ರಯೋಜನವಿದೆ. ರಾಕೆಟ್ಟಿನ ಕೊನೆಯ ಹಂತದಲ್ಲಿ ಕಳಿಸಿದ ಪೆಟ್ಟಿಗೆ ಹಿಂದಿರುಗುವುದಿಲ್ಲ, ಅದು ಕಳಿಸುವ ಸಂಖ್ಯೆಗಳಷ್ಟೇ ನಮ್ಮ ಕೈಗೆ ಬರುತ್ತವೆ. ಸಾಲ್ಮೊನೆಲ್ಲಾ ಪ್ರಯೋಗದಂತೆ ಜೀನ್‌ಗಳನ್ನು ಓದಬೇಕಾದರೆ ಕೋಶಗಳೇ ಕೈಗೆ ಬರಬೇಕು.

ಇನ್ನು ನಿಮ್ಮ ಲ್ಯಾಬಿನ ವಿಷಯ. ಖಂಡಿತ ಮಾಡಬಹುದು, ಆದರೆ ನೀವು ಅಲ್ಲಿ ಮಾಡುವುದು ತೂಕರಹಿತ ಸ್ಥಿತಿಯಲ್ಲ, ಮುಳುಗದ ಸ್ಥಿತಿ. ದ್ರವ ತುಂಬಿದ ನಳಿಕೆಯನ್ನು ಅಡ್ಡವಾಗಿ ಮಲಗಿಸಿ, ಅದರ ಉದ್ದದ ಅಕ್ಷದ ಸುತ್ತ ನಿಧಾನವಾಗಿ ತಿರುಗಿಸುವ ಸಾಧನಕ್ಕೆ ಕ್ಲೈನೊಸ್ಟ್ಯಾಟ್ ಎನ್ನುತ್ತಾರೆ. ಕೋಶಕ್ಕೆ 'ಕೆಳಗೆ' ಎಂಬ ದಿಕ್ಕು ನಿರಂತರ ಬದಲಾಗುತ್ತ ಹೋಗುವುದರಿಂದ ಅದು ಮುಳುಗುವ ಬದಲು ಪುಟ್ಟ ವೃತ್ತವೊಂದರಲ್ಲಿ ಸುತ್ತುತ್ತದೆ. ನಿಮಿಷಕ್ಕೆ ಹತ್ತು ಸುತ್ತು ತಿರುಗಿಸಿದರೆ ಮೇಲೆ ಹೇಳಿದ ಬ್ಯಾಕ್ಟೀರಿಯಾದ ವೃತ್ತದ ತ್ರಿಜ್ಯ ಕೇವಲ 0.05 ಮೈಕ್ರೊಮೀಟರ್, ಅದರ ಮೈಗಿಂತಲೂ ಬಹಳ ಚಿಕ್ಕದು. ಒಂದು ಸೆಂಟಿಮೀಟರ್ ವ್ಯಾಸದ ನಳಿಕೆಯಲ್ಲಿ ಆ ವೇಗಕ್ಕೆ ಉಂಟಾಗುವ ಕೇಂದ್ರಾಪಗಾಮಿ ವೇಗೋತ್ಕರ್ಷ ಗುರುತ್ವದ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಹೆಚ್ಚು ತಿರುಗಿಸಿದಷ್ಟೂ ಒಳ್ಳೆಯದು ಎಂದುಕೊಂಡು ವೇಗ ಏರಿಸಬೇಡಿ, ಕೋಶಗಳು ಗೋಡೆಯತ್ತ ಸರಿಯತೊಡಗುತ್ತವೆ. ನಿಧಾನ ತಿರುಗುವ ಗೇರ್ ಮೋಟಾರು, ವೇಗ ಹೊಂದಿಸುವ ಸಣ್ಣ ಸರ್ಕ್ಯೂಟು, ಎರಡು ಬೇರಿಂಗು ಇದ್ದರೆ ಸಾಧನ ಸಿದ್ಧ.

ಮೊದಲು ಬೇಕರಿಯಲ್ಲಿ ಬಳಸುವ ಈಸ್ಟ್ ಕೋಶಗಳಿಂದ ಸಾಧನವನ್ನೇ ಪರೀಕ್ಷಿಸಿ. ಈಸ್ಟಿನ ವ್ಯಾಸ ಸುಮಾರು ಐದು ಮೈಕ್ರೊಮೀಟರ್. ಮುಳುಗುವ ವೇಗ ತ್ರಿಜ್ಯದ ವರ್ಗಕ್ಕೆ ಅನುಗುಣವಾದ್ದರಿಂದ ಅದು ನಮ್ಮ ಬ್ಯಾಕ್ಟೀರಿಯಾಕ್ಕಿಂತ 25 ಪಟ್ಟು ಬೇಗ, ಗಂಟೆಗೆ ಸುಮಾರು ಐದು ಮಿಲಿಮೀಟರ್, ಇಳಿಯುತ್ತದೆ. ಕುದಿಸಿ ಸಾಯಿಸಿದ ಈಸ್ಟನ್ನು ನೀರಿನಲ್ಲಿ ಕದಡಿ, ನಿಲ್ಲಿಸಿದ ನಳಿಕೆಯಲ್ಲೂ ತಿರುಗುವ ನಳಿಕೆಯಲ್ಲೂ ಹಾಕಿದರೆ ಕೆಲವೇ ಗಂಟೆಗಳಲ್ಲಿ ಒಂದು ತಿಳಿಯಾಗುತ್ತದೆ, ಇನ್ನೊಂದು ಕದಡಿದಂತೆಯೇ ಉಳಿಯುತ್ತದೆ. ಹಾಗೆ ಉಳಿಯದಿದ್ದರೆ ನಿಮ್ಮ ಮೋಟಾರು ಸಮವೇಗದಲ್ಲಿ ತಿರುಗುತ್ತಿಲ್ಲ ಅಥವಾ ಅಕ್ಷ ಓರೆಯಾಗಿದೆ ಎಂದರ್ಥ.

ಆದರೆ ಬೆಳವಣಿಗೆಯನ್ನು ಅಳೆಯಲು ಈಸ್ಟ್ ಬೇಡ. ಜೀವಂತ ಈಸ್ಟ್ ಅನಿಲ ಬಿಡುತ್ತದೆ, ಅದರ ಗುಳ್ಳೆಗಳು ದ್ರವವನ್ನು ಕಲಕುತ್ತವೆ. ಮೊಸರಿನ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಈ ಕೆಲಸಕ್ಕೆ ಉತ್ತಮ. ಅವು ಈಜುವುದಿಲ್ಲ, ಸರಿಯಾದ ತಳಿಯನ್ನು ಆರಿಸಿದರೆ ಅನಿಲ ಬಿಡುವುದಿಲ್ಲ, ರೋಗ ತರುವುದಿಲ್ಲ. ಮನೆಯ ಮೊಸರನ್ನೇ ಹಾಕಬೇಡಿ, ಅದರಲ್ಲಿ ಹಲವು ಜೀವಿಗಳು ಬೆರೆತಿರುತ್ತವೆ. ಶುದ್ಧ ತಳಿಯನ್ನು ನಿಮ್ಮ ಕಾಲೇಜಿನ ಸೂಕ್ಷ್ಮಜೀವಶಾಸ್ತ್ರ ವಿಭಾಗದಲ್ಲೋ, ಇಲ್ಲದಿದ್ದರೆ ದಾವಣಗೆರೆ ವಿಶ್ವವಿದ್ಯಾಲಯದ ವಿಭಾಗದಲ್ಲೋ ಅಧ್ಯಾಪಕರ ಮೂಲಕ ಕೇಳಿ ಪಡೆಯಿರಿ. ಹಾಲು ಹೆಪ್ಪುಗಟ್ಟುವುದರಿಂದ ಅದರಲ್ಲಿ ಬೆಳೆಸಲಾಗದು, ತಿಳಿಯಾದ ಪೋಷಕ ದ್ರವ ಬೇಕು. ಸಾಲ್ಮೊನೆಲ್ಲಾ, ಸ್ಯೂಡೊಮೊನಾಸ್ ಹೆಸರುಗಳನ್ನು ಇಲ್ಲಿ ಓದಿದಿರೆಂದು ಅವುಗಳನ್ನು ಮುಟ್ಟಲು ಹೋಗಬೇಡಿ. ಪದವಿ ತರಗತಿಯ ಲ್ಯಾಬು ಅವುಗಳಿಗೆ ತಕ್ಕುದಲ್ಲ.

ನಳಿಕೆಗಳು ಮೂರು ಬಗೆಯಾಗಿರಲಿ: ಅಡ್ಡ ಅಕ್ಷದಲ್ಲಿ ತಿರುಗುವುದು, ಸುಮ್ಮನೆ ನಿಲ್ಲಿಸಿದ್ದು, ಮತ್ತು ಅದೇ ಮೋಟಾರಿನಲ್ಲಿ ಅದೇ ವೇಗದಲ್ಲಿ ಆದರೆ ನೆಟ್ಟಗಿನ ಅಕ್ಷದಲ್ಲಿ ತಿರುಗುವುದು. ಮೂರನೆಯದು ಬಹಳ ಮುಖ್ಯ. ಅದರಲ್ಲಿ ಮೋಟಾರಿನ ಕಂಪನವೂ ಬಿಸಿಯೂ ಇರುತ್ತವೆ, ಆದರೆ ಕೋಶಗಳು ಎಂದಿನಂತೆ ಮುಳುಗುತ್ತವೆ. ಬಯೋರಾಕ್ ತಂಡ ನಿಲ್ದಾಣದೊಳಗೇ ಸೆಂಟ್ರಿಫ್ಯೂಜ್ ಇಟ್ಟುಕೊಂಡು ಮಾಡಿದ್ದು ಇದನ್ನೇ. ಪ್ರತಿ ಬಗೆಯಲ್ಲೂ ಕನಿಷ್ಠ ಐದಾರು ನಳಿಕೆಗಳಿದ್ದು, ಎಲ್ಲವೂ ಒಂದೇ ತಾಪಮಾನದಲ್ಲಿರಲಿ. ಅಳತೆಗೆ ಕಲರಿಮೀಟರ್, ಅಂದರೆ ದ್ರವ ಎಷ್ಟು ಕದಡಿದೆ ಎಂದು ಬೆಳಕು ಹಾಯಿಸಿ ಅಳೆಯುವ ಸಾಧನ, ಸಾಕು, ಜೊತೆಗೆ ಉತ್ಪತ್ತಿಯಾದ ಆಮ್ಲವನ್ನು ಟೈಟ್ರೇಷನ್ ಮಾಡಿ ನೋಡಿ. ಕಲರಿಮೀಟರಿಗೆ ಹಾಕುವ ಮೊದಲು ಪ್ರತಿ ನಳಿಕೆಯನ್ನೂ ಚೆನ್ನಾಗಿ ಕುಲುಕಿ. ನಿಲ್ಲಿಸಿದ ನಳಿಕೆಯಲ್ಲಿ ಕೋಶಗಳು ತಳದಲ್ಲಿರುವಾಗ ಮೇಲಿನ ದ್ರವವನ್ನಷ್ಟೇ ಅಳೆದರೆ ಅಲ್ಲಿ ಕಡಿಮೆ ಬೆಳೆದಂತೆಯೂ, ತಿರುಗಿದ್ದರಲ್ಲಿ ಹೆಚ್ಚು ಬೆಳೆದಂತೆಯೂ ಕಾಣುತ್ತದೆ. ಕುಲುಕಿದ ನಳಿಕೆಯನ್ನು ಮತ್ತೆ ತಿರುಗಲು ಹಾಕುವಂತಿಲ್ಲವಾದ್ದರಿಂದ ಪ್ರತಿ ಅಳತೆಯ ಹೊತ್ತಿಗೂ ಬೇರೆ ನಳಿಕೆಗಳನ್ನು ಮೊದಲೇ ತಯಾರಿಸಿಟ್ಟುಕೊಂಡಿರಬೇಕು. ನಳಿಕೆಯನ್ನು ಮುಚ್ಚುವಾಗ ಒಂದು ಸಣ್ಣ ಗಾಳಿಗುಳ್ಳೆಯೂ ಒಳಗೆ ಉಳಿಯದಂತೆ ನೋಡಿಕೊಳ್ಳಿ. ಅಡ್ಡ ಮಲಗಿಸಿದ ನಳಿಕೆಯಲ್ಲಿ ಅದು ಪ್ರತಿ ಸುತ್ತಿಗೂ ದ್ರವವನ್ನು ಕಲಕುತ್ತದೆ, ಆಗ ನೀವು ಅಳೆಯುವುದು ಗುಳ್ಳೆಯ ಪರಿಣಾಮವನ್ನೇ.